ಕಾಲೇಜು ಊರಿನ ಸೋಂಕಿನ ದರ: ಹಾಸ್ಟೆಲ್ ಲೆಕ್ಕವನ್ನು ಊರಿನ ಲೆಕ್ಕದಿಂದ ಬೇರೆ ಇಡಬೇಕೆ?

ಪ್ರಶ್ನೆ | ಕರಾವಳಿ_ಓದುಗ

2021ರ ಏಪ್ರಿಲ್ 10ರಿಂದ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ 'ಕೊರೊನಾ ಕರ್ಫ್ಯೂ' ಬಿದ್ದ ಊರುಗಳ ಪಟ್ಟಿ ಹೀಗಿತ್ತು: ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿ, ಬೀದರ್, ತುಮಕೂರು, ಉಡುಪಿ, ಮಣಿಪಾಲ. ಮಣಿಪಾಲ ಬಿಟ್ಟರೆ ಉಳಿದ ಏಳೂ ಜಿಲ್ಲಾ ಕೇಂದ್ರಗಳು. ಮಣಿಪಾಲ ಉಡುಪಿ ನಗರಸಭೆಯ ವ್ಯಾಪ್ತಿಯೊಳಗೇ ಇದ್ದರೂ ಅದರ ಹೆಸರು ಬೇರೆಯಾಗಿ ಬಂತು. ಅದಕ್ಕೆ ಮೂರು ವಾರ ಮುಂಚೆ, ಮಾರ್ಚ್ 17ರಂದು, ಅಲ್ಲಿನ ಎಂಐಟಿ (ಮಣಿಪಾಲ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಕ್ಯಾಂಪಸ್ಸನ್ನು ಕಂಟೈನ್‌ಮೆಂಟ್ ವಲಯವೆಂದು ಘೋಷಿಸಲಾಗಿತ್ತು.

ಕೇಳಬೇಕಾದದ್ದು ಇಷ್ಟು. ಸಾವಿರಾರು ವಿದ್ಯಾರ್ಥಿಗಳಿರುವ ಊರಿನಲ್ಲಿ ಹಾಸ್ಟೆಲ್ ಪ್ರಕರಣಗಳನ್ನು ಊರಿನ ದರಕ್ಕೆ ಸೇರಿಸಿ ನಿರ್ಬಂಧ ನಿರ್ಧರಿಸುವುದು ಸರಿಯೇ? ಅಂಗಡಿ, ಹೋಟೆಲಿನವರು ಹಾಸ್ಟೆಲಿನ ಸೋಂಕಿಗೆ ದಂಡ ಕಟ್ಟಿದಂತೆ ಆಗುವುದಿಲ್ಲವೇ? ಮುಂದೆ ಇಂಥದ್ದು ಬಂದರೆ ತಾಲ್ಲೂಕು ಮಟ್ಟದ ದೈನಂದಿನ ಪಟ್ಟಿಯಲ್ಲಿ ಯಾವ ಯಾವ ಕಾಲಂ ಇರಬೇಕು? ಒಟ್ಟಾರೆ ಅಭಿಪ್ರಾಯಕ್ಕಿಂತ ಲೆಕ್ಕ ಬಲ್ಲವರ ಉತ್ತರ ಬೇಕು.

ಉತ್ತರ | ಅಂಶ_ಛೇದ

ಬೇರೆ ಇಡಲೇಬೇಕು. ಆದರೆ ಕಾರಣ ನೀವು ಅಂದುಕೊಂಡದ್ದಲ್ಲ.

ಒಂದು ಕಾಲ್ಪನಿಕ ಊರು ಇಟ್ಟುಕೊಳ್ಳಿ. ಜನ 1,50,000, ಅದರಲ್ಲಿ ವಿದ್ಯಾರ್ಥಿಗಳು 15,000. ಒಂದು ವಾರದಲ್ಲಿ ವಿದ್ಯಾರ್ಥಿಗಳಲ್ಲಿ 450, ಉಳಿದವರಲ್ಲಿ 60 ಪ್ರಕರಣ. ಒಟ್ಟು ದರ ಲಕ್ಷಕ್ಕೆ 340. ಬಿಡಿಸಿ ನೋಡಿದರೆ ವಿದ್ಯಾರ್ಥಿಗಳಲ್ಲಿ ಲಕ್ಷಕ್ಕೆ 3,000, ಉಳಿದವರಲ್ಲಿ ಬರೀ 44. ಅಂದರೆ ಆ 340 ಎಂಬ ಸಂಖ್ಯೆ ಆ ಊರಿನ ಯಾರ ಪರಿಸ್ಥಿತಿಯನ್ನೂ ಹೇಳುವುದಿಲ್ಲ. ಇಷ್ಟರ ಮಟ್ಟಿಗೆ ನಿಮ್ಮ ಅಂಗಡಿಯವರ ವಾದ ಗೆಲ್ಲುತ್ತದೆ.

ಈಗ ಪಾಸಿಟಿವಿಟಿಗೆ, ಅಂದರೆ ನೂರು ಪರೀಕ್ಷೆಗೆ ಎಷ್ಟು ಪಾಸಿಟಿವ್ ಎಂಬುದಕ್ಕೆ ಬನ್ನಿ. ಕ್ಯಾಂಪಸ್ ಸೀಲ್ ಆದ ಮೇಲೆ ಎಲ್ಲ ವಿದ್ಯಾರ್ಥಿಗಳಿಗೂ ಪರೀಕ್ಷೆ ಶುರುವಾಗುತ್ತದೆ. ಎರಡನೇ ವಾರ 8,000 ವಿದ್ಯಾರ್ಥಿಗಳ ಪರೀಕ್ಷೆಯಲ್ಲಿ 160 ಪಾಸಿಟಿವ್, ಅಂದರೆ 2%. ಊರಿನವರಲ್ಲಿ ಲಕ್ಷಣ ಇದ್ದವರಷ್ಟೇ ಬಂದು 1,000 ಪರೀಕ್ಷೆ, 70 ಪಾಸಿಟಿವ್, ಅಂದರೆ 7%. ಕೂಡಿಸಿದರೆ 9,000ಕ್ಕೆ 230, ಸುಮಾರು 2.6%. ಎರಡು ವಾರ 5%ಗಿಂತ ಕೆಳಗಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2020ರ ಮೇನಲ್ಲಿ ಕೊಟ್ಟ ಅಳತೆ. ವಾರದ ಪಾಸಿಟಿವಿಟಿ 10% ದಾಟಿದರೆ ಅಥವಾ ಹಾಸಿಗೆಗಳು 60%ಗಿಂತ ಹೆಚ್ಚು ತುಂಬಿದರೆ ಬಿಗಿ ಕ್ರಮ ಎಂಬುದು 2021ರ ಏಪ್ರಿಲ್ ಕೊನೆಯ ಕೇಂದ್ರದ ಸೂಚನೆ. ಪಾಸಿಟಿವಿಟಿಯ ಎರಡೂ ಮಿತಿಗಿಂತ ಈ ಊರಿನ 2.6% ಕೆಳಗೆ, ಪಾಸ್. ಆದರೆ ಸೋಂಕು ಊರೊಳಗೆ ಏರುತ್ತಿದೆ, ಹಾಸ್ಟೆಲ್ ಪರೀಕ್ಷೆಗಳು ಅದನ್ನು ಮುಚ್ಚಿಬಿಟ್ಟಿವೆ. ಮೊದಲ ವಾರ ಕೂಡಿಸಿದ ಲೆಕ್ಕ ಊರಿಗೆ ಅನ್ಯಾಯ ಮಾಡಿತು, ಎರಡನೇ ವಾರ ಅದೇ ಲೆಕ್ಕ ಊರಿನ ಹಿರಿಯರನ್ನು ಅಪಾಯಕ್ಕೆ ಒಡ್ಡಿತು. ಬೇರೆ ಇಡಿ ಎನ್ನುವುದು ಮುಖ್ಯವಾಗಿ ಈ ಎರಡನೇ ಕಾರಣಕ್ಕೆ.

ಛೇದದ್ದು, ಅಂದರೆ ದರ ತೆಗೆಯಲು ಭಾಗಿಸುವ ಜನಸಂಖ್ಯೆಯದ್ದು, ಇನ್ನೊಂದು ರಗಳೆ. 2011ರ ಜನಗಣತಿ ನಡೆದದ್ದು ಫೆಬ್ರುವರಿ 9ರಿಂದ 28. ಆಗ ಹಾಸ್ಟೆಲಿನಲ್ಲಿದ್ದವರನ್ನು ಸಾಂಸ್ಥಿಕ ಕುಟುಂಬವಾಗಿ ಅಲ್ಲೇ ಎಣಿಸಿದ್ದಾರೆ. ಆಮೇಲೆ ಕಟ್ಟಿದ ಹಾಸ್ಟೆಲು, ಪಿಜಿಗಳು ಆ ಲೆಕ್ಕದಲ್ಲಿ ಇಲ್ಲ. 2021ರ ಗಣತಿ ಮುಂದಕ್ಕೆ ಹೋದ್ದರಿಂದ ಸಾಂಕ್ರಾಮಿಕದ ಉದ್ದಕ್ಕೂ ಹಳೆಯ ಛೇದವೇ ಗತಿ. ರಜೆಯಲ್ಲಿ ಅರ್ಧ ಹಾಸ್ಟೆಲ್ ಖಾಲಿಯಾದರೂ ಕಾಗದದ ಮೇಲೆ ಜನಸಂಖ್ಯೆ ಅಷ್ಟೇ. ಆದ್ದರಿಂದ ವಿದ್ಯಾರ್ಥಿ ಛೇದವನ್ನು ಗಣತಿಯಿಂದ ತೆಗೆದುಕೊಳ್ಳಬೇಡಿ. ಆ ವಾರದ ಮೆಸ್ ಹಾಜರಿ ಪುಸ್ತಕದಿಂದ ತೆಗೆದುಕೊಳ್ಳಿ. ಎಷ್ಟು ತಟ್ಟೆ ಊಟ ಹೋಯಿತು ಎಂಬುದು ಪ್ರವೇಶ ದಾಖಲಾತಿಗಿಂತ ಸತ್ಯಕ್ಕೆ ಹತ್ತಿರ.

ಉತ್ತರ | ಟ್ರೆಂಟ್_ದಂಡೆ

ಛೇದದಷ್ಟೇ ಅಂಶದ, ಅಂದರೆ ಪ್ರಕರಣಗಳ, ವಿಳಾಸವೂ ಕೈಕೊಡುತ್ತದೆ. ಇಂಗ್ಲೆಂಡಿನ 2020ರ ಶರತ್ಕಾಲದಲ್ಲಿ ಆದದ್ದು ಇದೇ. ವಿದ್ಯಾರ್ಥಿಯ ಪಾಸಿಟಿವ್ ವರದಿಯನ್ನು ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದಾಖಲೆಯಲ್ಲಿದ್ದ ವಿಳಾಸಕ್ಕೆ ಹಾಕುತ್ತಿದ್ದರು. ಹೊಸದಾಗಿ ಬಂದವರು ವಿಶ್ವವಿದ್ಯಾಲಯದ ಊರಿನ ವೈದ್ಯರ ಬಳಿ ನೋಂದಾಯಿಸಿಕೊಂಡಿರದಿದ್ದರೆ ಆ ಪ್ರಕರಣ ಅಪ್ಪ ಅಮ್ಮ ಇರುವ ಊರಿನ ಖಾತೆಗೆ. ಹುಡುಗ ನಾಟಿಂಗ್‌ಹ್ಯಾಮಿನಲ್ಲಿ ಕೆಮ್ಮಿದರೆ ದಕ್ಷಿಣದ ಯಾವುದೋ ಪಟ್ಟಣದ ದರ ಏರುತ್ತಿತ್ತು. ನವೆಂಬರ್ 16ರಂದು ಪದ್ಧತಿ ಬದಲಾಯಿತು: ಪರೀಕ್ಷೆ ವೇಳೆ ಕೊಟ್ಟ ವಿಳಾಸಕ್ಕೆ ಆದ್ಯತೆ, ಜತೆಗೆ ಸೆಪ್ಟೆಂಬರ್ 1ರಿಂದಾಚೆಗಿನ ಪ್ರಕರಣಗಳ ಮರುಹಂಚಿಕೆ. ಆ ಹೊತ್ತಿಗೆ ಪ್ರದೇಶವಾರು ಮೂರು ಹಂತದ (ಮೂರನೆಯದು ಅತಿ ಬಿಗಿ) ನಿರ್ಬಂಧ ಬಂದು (ಅಕ್ಟೋಬರ್ 14) ಒಂದು ತಿಂಗಳಾಗಿತ್ತು. ಗ್ರೇಟರ್ ಮ್ಯಾಂಚೆಸ್ಟರ್ ಅಕ್ಟೋಬರ್ 23ಕ್ಕೆ, ನಾಟಿಂಗ್‌ಹ್ಯಾಮ್ ಅಕ್ಟೋಬರ್ 30ಕ್ಕೆ ಮೂರನೇ ಹಂತಕ್ಕೆ ಹೋಗಿಯಾಗಿತ್ತು.

ಅಲ್ಲಿಂದ ಕಲಿಯಬೇಕಾದದ್ದು ವಯಸ್ಸಿನ ಪಟ್ಟಿ. ನವೆಂಬರ್ ಕೊನೆಯಲ್ಲಿ ಹಂತಗಳನ್ನು ಮತ್ತೆ ಹಂಚುವಾಗ ಐದು ಅಂಶ ನೋಡಿದರು: ಎಲ್ಲ ವಯಸ್ಸಿನ ದರ, 60 ಮೀರಿದವರ ದರ, ಏರಿಳಿತದ ವೇಗ, ಪಾಸಿಟಿವಿಟಿ, ಆಸ್ಪತ್ರೆಗಳ ಮೇಲಿನ ಒತ್ತಡ. ಎರಡನೆಯದನ್ನು ಪ್ರತ್ಯೇಕ ಇಟ್ಟದ್ದೇ ಜಾಣತನ. ನಾಟಿಂಗ್‌ಹ್ಯಾಮಿನಲ್ಲಿ ಅಕ್ಟೋಬರ್ ಆರಂಭದ ಏರಿಕೆ ಬಹುಪಾಲು ವಿದ್ಯಾರ್ಥಿ ವಯಸ್ಸಿನದು. ಅದು ಇಳಿಯುವಾಗ ಹಿರಿಯರ ದರ ಏರುತ್ತಿತ್ತು. ಒಟ್ಟು ದರ ನೋಡಿದವರಿಗೆ ಸಮಾಧಾನ, ವಾರ್ಡ್ ನೋಡಿಕೊಳ್ಳುವವರಿಗೆ ತಲೆಬಿಸಿ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಜನವರಿಯಲ್ಲಿ ಕೌಂಟಿಗಳನ್ನು ಹೋಲಿಸಿತು. ತರಗತಿ ಶುರುವಾಗುವ ಮೊದಲಿನ ಮತ್ತು ನಂತರದ 21 ದಿನ ತೆಗೆದುಕೊಂಡರೆ, ನೇರ ತರಗತಿ ನಡೆಸಿದ ದೊಡ್ಡ ವಿಶ್ವವಿದ್ಯಾಲಯಗಳಿದ್ದ ಕೌಂಟಿಗಳಲ್ಲಿ ಪ್ರಕರಣ 56.2% ಏರಿತು; ಆನ್‌ಲೈನ್ ನಡೆಸಿದ ಕಡೆ 17.9% ಇಳಿಯಿತು, ದೊಡ್ಡ ವಿಶ್ವವಿದ್ಯಾಲಯ ಇಲ್ಲದ ಕಡೆ 5.9% ಇಳಿಯಿತು. ಕ್ಯಾಂಪಸ್ ತೆರೆದಾಗ ಪರೀಕ್ಷೆಗಳೂ ಹೆಚ್ಚುತ್ತವೆ, ಅದನ್ನು ಮನಸ್ಸಿನಲ್ಲಿಟ್ಟು ಈ ಸಂಖ್ಯೆ ಓದಿ.

ಕರಾವಳಿ_ಓದುಗ

ಧನ್ಯವಾದ. ನಮ್ಮಲ್ಲಿ ವಿಳಾಸ ಹೋಗುತ್ತಿದ್ದದ್ದು ಎಸ್‌ಆರ್‌ಎಫ್‌ನಿಂದ, ಅಂದರೆ ಪರೀಕ್ಷೆಯ ಮಾದರಿ ಜತೆ ತುಂಬುವ ಅರ್ಜಿಯಿಂದ ಅಲ್ಲವೇ? ಅಲ್ಲಿ ಏನೇನು ತಪ್ಪಬಹುದು? ಜತೆಗೆ 2021ರ ನವೆಂಬರ್‌ನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜಿನಲ್ಲಿ ಸೋಂಕು ಹಬ್ಬಿದಾಗ ಜಿಲ್ಲೆ ಪೂರ್ತಿ ಬಂದ್ ಆಗಲಿಲ್ಲವಲ್ಲ, ಮಣಿಪಾಲಕ್ಕೂ ಅದಕ್ಕೂ ವ್ಯತ್ಯಾಸ ಎಲ್ಲಿ?

ಉತ್ತರ | ಹಾಸ್ಟೆಲ್_ಪಹರೆ

ಎಸ್‌ಆರ್‌ಎಫ್ ತುಂಬುವ ಕೌಂಟರಿನಲ್ಲಿ ಮೂರು ತಪ್ಪು ಮಾಮೂಲು. ಆಧಾರ್ ನೋಡಿ ತವರಿನ ವಿಳಾಸ ಬರೆಯುವುದು ಒಂದು. ಇಡೀ ಹಾಸ್ಟೆಲ್ಲಿಗೆ ವಾರ್ಡನ್ನರ ಒಂದೇ ಮೊಬೈಲ್ ಸಂಖ್ಯೆ ಹಾಕುವುದು ಇನ್ನೊಂದು. ಆಮೇಲೆ ಸಂಪರ್ಕಿತರ ಪತ್ತೆಗೆ ಫೋನ್ ಮಾಡಿದರೆ ಎಲ್ಲ ಕರೆಯೂ ವಾರ್ಡನ್ನರಿಗೇ. ಮೂರನೆಯದು ಮರುಪರೀಕ್ಷೆ: ಆರ್‌ಟಿ-ಪಿಸಿಆರ್ ಗುಣವಾದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು, ಅದನ್ನು ಹೊಸ ಪ್ರಕರಣವಾಗಿ ಬರೆದರೆ ಸುಳ್ಳು ಏರಿಕೆ. ಹಾಸ್ಟೆಲ್ ಹೆಸರು, ಬ್ಲಾಕು, ಮಹಡಿ, ಕೊಠಡಿ ಸಂಖ್ಯೆ, ನೋಂದಣಿ ಸಂಖ್ಯೆ, ಸ್ವಂತ ಮೊಬೈಲು, ಇಷ್ಟನ್ನು ಮೊದಲೇ ಮುದ್ರಿಸಿದ ಚೀಟಿಯಲ್ಲಿ ವಿದ್ಯಾರ್ಥಿಯ ಕೈಗೆ ಕೊಟ್ಟು ಸಾಲಿನಲ್ಲಿ ನಿಲ್ಲಿಸಿ. ನೋಂದಣಿ ಸಂಖ್ಯೆ ಇದ್ದರೆ 90 ದಿನದೊಳಗಿನ ಮರುಪಾಸಿಟಿವ್‌ಗಳನ್ನು ಕಿತ್ತುಹಾಕುವುದು ಐದು ನಿಮಿಷದ ಕೆಲಸ.

ಧಾರವಾಡ: 2021ರ ನವೆಂಬರ್ 17ರಂದು ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಕಾರ್ಯಕ್ರಮ, ಮುಂದಿನ ವಾರ ಮೊದಲು 66 ಪ್ರಕರಣ, ಮರುದಿನಕ್ಕೆ 182, ಆಮೇಲೆ 281. ಹಾಸ್ಟೆಲ್‌ಗಳನ್ನು ಸೀಲ್ ಮಾಡಿ, 500 ಮೀಟರ್ ಸುತ್ತಲಿನ ಶಾಲಾ ಕಾಲೇಜುಗಳಿಗೆ ರಜೆ ಕೊಟ್ಟು ಅಲ್ಲಿಗೇ ನಿಲ್ಲಿಸಿದರು. ಸೋಂಕಿತರಲ್ಲಿ ಬಹುಪಾಲು ಎರಡೂ ಡೋಸ್ ಆದವರು, ಲಕ್ಷಣ ಸೌಮ್ಯ, ಆಸ್ಪತ್ರೆ ಮೇಲೆ ಒತ್ತಡ ಇಲ್ಲ. 2021ರ ಮಾರ್ಚ್–ಏಪ್ರಿಲ್‌ನಲ್ಲಿ 18–22ರ ವಯಸ್ಸಿನವರಿಗೆ ಲಸಿಕೆಯೇ ತೆರೆದಿರಲಿಲ್ಲ, ರಾಜ್ಯದಲ್ಲಿ ಎರಡನೇ ಅಲೆ ಏರುಮುಖದಲ್ಲಿತ್ತು. ಮಣಿಪಾಲದ ಹಾಸ್ಟೆಲ್ ಹೆಚ್ಚು ಕೆಟ್ಟದ್ದಾಗಿತ್ತು ಎಂದಲ್ಲ, ಗೇಟಿನ ಹೊರಗಿನ ಪರಿಸ್ಥಿತಿ ಬೇರೆ.

ಒಳಗಿನ ವ್ಯವಸ್ಥೆ. ಹಾಸ್ಟೆಲಿನಲ್ಲಿ 'ಮನೆ' ಎಂದರೆ ಕೊಠಡಿ ಅಲ್ಲ, ಒಂದೇ ಸ್ನಾನಗೃಹ ಬಳಸುವವರ ಗುಂಪು. ಕೊಠಡಿಗಳನ್ನು ಬೀಗ ಹಾಕಿ ಬಚ್ಚಲು ಹಂಚಿಕೊಳ್ಳಲು ಬಿಟ್ಟರೆ ಕ್ವಾರಂಟೈನ್ ಕಾಗದದ ಮೇಲಷ್ಟೇ. 500 ಹಾಸಿಗೆಗೆ ಒಳಗೇ ಸ್ನಾನಗೃಹ ಇರುವ ಕನಿಷ್ಠ 25 ಕೊಠಡಿ ವರ್ಷಪೂರ್ತಿ ಖಾಲಿ ಇಡಿ. ಊಟ ಮಹಡಿಗೇ ಹೋಗಲಿ, ಮೆಸ್ ಸಾಲು ಬೇಡ. ದಿನಕ್ಕೆರಡು ಸಲ ಆಕ್ಸಿಮೀಟರ್. ವಿಶ್ರಾಂತಿಯಲ್ಲಿ 94ಕ್ಕಿಂತ ಕಡಿಮೆ ಬಂದರೆ ಆಂಬುಲೆನ್ಸ್.

ಕಿಟ್ ಕಮ್ಮಿ ಇದ್ದರೆ ಪೂಲಿಂಗ್: ಹಲವರ ಮಾದರಿ ಬೆರೆಸಿ ಒಂದೇ ಪರೀಕ್ಷೆ, ಪಾಸಿಟಿವ್ ಬಂದರೆ ಮಾತ್ರ ಒಬ್ಬೊಬ್ಬರದ್ದು ಬೇರೆ ಬೇರೆ. ಐದು ಮಾದರಿ ಒಟ್ಟಿಗೆ, ಮುಖ್ಯವಾಗಿ ಪಾಸಿಟಿವಿಟಿ 2%ಗಿಂತ ಕಡಿಮೆ ಇರುವ ಕಡೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲೇ ಹೇಳಿತ್ತು. ಲೆಕ್ಕ ನೋಡಿ: 2% ಇದ್ದಾಗ ಐವರಿಗೆ ಸರಾಸರಿ ಸುಮಾರು 1.5 ಪರೀಕ್ಷೆ ಸಾಕು, 9%ಗೆ 2.9 ಬೇಕು, 20%ಗೆ 4.4, ಅಂದರೆ ಉಳಿತಾಯ ಹೆಚ್ಚುಕಮ್ಮಿ ಇಲ್ಲ. ಐವರನ್ನು ಆರಿಸುವಾಗ ಒಂದೇ ಕೊಠಡಿ, ಪಕ್ಕದ ಕೊಠಡಿಯವರನ್ನೇ ಸೇರಿಸಿ. ಪಾಸಿಟಿವ್‌ಗಳು ಒಂದೆಡೆ ಗುಂಪಾಗಿರುವುದರಿಂದ ಕಡಿಮೆ ಪೂಲ್‌ಗಳು ಪಾಸಿಟಿವ್ ಬರುತ್ತವೆ.

ಉತ್ತರ | ಸಮುದಾಯ_ಆರೋಗ್ಯ

ಮೇಲಿನದಕ್ಕೆಲ್ಲ ಒಪ್ಪಿಗೆ, ಒಂದು ತಕರಾರು. ಲೆಕ್ಕ ಬೇರೆ ಇಟ್ಟ ಕೂಡಲೇ 'ಅದು ಹಾಸ್ಟೆಲ್ ಸೋಂಕು, ಊರಿಗೇನು' ಎಂಬ ಮಾತು ಹುಟ್ಟುತ್ತದೆ. ಹಾಸ್ಟೆಲಿಗೂ ಊರಿಗೂ ನಡುವೆ ಓಡಾಡುವವರು ಅಡುಗೆಯವರು, ಕಸ ಗುಡಿಸುವವರು, ಭದ್ರತಾ ಸಿಬ್ಬಂದಿ, ಆಟೊದವರು, ಜೆರಾಕ್ಸ್ ಅಂಗಡಿಯವರು. ಇವರು ಸಂಜೆ ಮನೆಗೆ ಹೋಗುತ್ತಾರೆ, ಮನೆಯಲ್ಲಿ ಅಜ್ಜಿ ಇರುತ್ತಾರೆ. ಆದ್ದರಿಂದ ಕಾಲಂ ಎರಡಲ್ಲ, ಮೂರು: ವಿದ್ಯಾರ್ಥಿ, ಕ್ಯಾಂಪಸ್ ನೌಕರ ಮತ್ತು ಅವರ ಮನೆಯವರು, ಉಳಿದ ಊರು. ಮೂರಕ್ಕೂ ಪರೀಕ್ಷೆ ಎಷ್ಟು, ಪಾಸಿಟಿವ್ ಎಷ್ಟು, ಅದರಲ್ಲಿ 60 ದಾಟಿದವರು ಎಷ್ಟು, ಆಕ್ಸಿಜನ್ ಹಾಸಿಗೆಯಲ್ಲಿ ಎಷ್ಟು. ಮಧ್ಯದ ಸಾಲಿನವರಿಗೆ ಲಕ್ಷಣ ಇರಲಿ ಬಿಡಲಿ ವಾರಕ್ಕೊಮ್ಮೆ ಪರೀಕ್ಷೆ, ಪಾಸಿಟಿವ್ ಬಂದರೆ ಸಂಬಳ ಸಹಿತ ರಜೆ. ಸಂಬಳ ಕಡಿತ ಎಂದಾದರೆ ಯಾರೂ ಮೂಗು ಒಡ್ಡುವುದಿಲ್ಲ, ಆ ಸಾಲಿನ ಸಂಖ್ಯೆ ಸೊನ್ನೆ ಎಂದೇ ತೋರಿಸುತ್ತದೆ.

ನಿರ್ಬಂಧದ ವಿಚಾರಕ್ಕೆ: ಮೊದಲ ಸಾಲು ಮಾತ್ರ ಏರಿದರೆ ಗೇಟಿನೊಳಗೆ ಬಿಗಿ. ಎರಡನೆಯದು ಏರತೊಡಗಿದರೆ ಸುತ್ತಲಿನ ವಾರ್ಡುಗಳಲ್ಲಿ ಪರೀಕ್ಷೆ ಹೆಚ್ಚಿಸಿ, ಊಟದ ಹೋಟೆಲುಗಳಲ್ಲಿ ಪಾರ್ಸೆಲ್ ಮಾತ್ರ. ಮೂರನೆಯದರಲ್ಲಿ 60 ದಾಟಿದವರ ಸಂಖ್ಯೆ ಏರಿದರೆ ಊರಿಗೆ ನಿರ್ಬಂಧ, ಆಗ ಹಾಸ್ಟೆಲ್ ಸೊನ್ನೆಗೆ ಇಳಿದಿದ್ದರೂ ಸರಿ.

ಪಿಜಿಗಳು ಮಾತ್ರ ಈ ಪಟ್ಟಿಗೆ ಸುಲಭವಾಗಿ ಸಿಗುವುದಿಲ್ಲ. ಮಾಲೀಕರು ಎಲ್ಲ ಹೆಸರು ಕೊಡುವುದಿಲ್ಲ, ತೆರಿಗೆ ಭಯ. ಕಾಲೇಜಿನಿಂದಲೇ ವಿದ್ಯಾರ್ಥಿಗಳ ವಾಸದ ವಿಳಾಸ ತರಿಸಿ ವಾರ್ಡುವಾರು ಹಂಚಿಕೊಳ್ಳಿ.

ಅಂಶ_ಛೇದ

ಮೊದಲ ಪ್ರಕರಣ ಕಂಡೊಡನೆ ಹಾಸ್ಟೆಲ್ ಖಾಲಿ ಮಾಡಿಸುವ ಚಾಳಿ ಇದೆಯಲ್ಲ, ಅದು ಊರಿನ ದರ ಇಳಿಸುತ್ತದೆ, ನಿಜ. ಆದರೆ ಇಪ್ಪತ್ತು ಜಿಲ್ಲೆಗಳ ದರ ಏರಿಸುವ ಮೂಲಕ. ಸೋಂಕು ತಗುಲಿದ ಎರಡನೇ ದಿನ ಪರೀಕ್ಷೆ ಮಾಡಿದರೆ ನೆಗೆಟಿವ್ ಬರುವುದೇ ಹೆಚ್ಚು, ಆ ಚೀಟಿ ಹಿಡಿದು ಬಸ್ ಹತ್ತುತ್ತಾರೆ. ಸಂಪರ್ಕವಾಗಿ ಐದನೇ ದಿನದ ಹೊತ್ತಿಗೆ ಪರೀಕ್ಷಿಸಿ. ಕಳಿಸಲೇಬೇಕಾದರೆ ಇಂಗ್ಲೆಂಡ್ 2020ರ ಡಿಸೆಂಬರ್ 3ರಿಂದ 9ರವರೆಗೆ ಮಾಡಿದಂತೆ ಮೂರು ದಿನ ಅಂತರದ ಎರಡು ಪರೀಕ್ಷೆ ಮಾಡಿ, ದಿನಾಂಕ ಹಂಚಿ ಕಳಿಸಿ. ವಾಪಸು ಬರುವಾಗಲೂ ಅಷ್ಟೇ: 2021ರಲ್ಲಿ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ವರದಿ ಕೇಳಿದ್ದು ಗಡಿಯ ತಪಾಸಣೆಗೆ ಸಾಕಿತ್ತು, ಹಾಸ್ಟೆಲಿಗೆ ಸಾಲದು. ಬಂದ ದಿನ ಒಂದು, ಏಳನೇ ದಿನ ಇನ್ನೊಂದು, ಅಲ್ಲಿವರೆಗೆ ಬೇರೆ ಮಹಡಿ.