ಹಳೆಯ ಡ್ರ್ಯಾಗನ್ ಕೋಟೆಗಳನ್ನೂ ಹೊಸ ದೊಡ್ಡ ಸೆಟ್‌ಗಳನ್ನೂ ಒಂದೇ ಸಂಗ್ರಹದಲ್ಲಿ ಕೂಡಿಸುವುದು ಹೇಗೆ?

ಪ್ರಶ್ನೆ: ಡ್ರ್ಯಾಗನ್‌ಪ್ರಿಯ

ದೊಡ್ಡವನಾದ ಮೇಲೆ ಲೆಗೋ ಎಂಬ ಪ್ಲಾಸ್ಟಿಕ್ ಬ್ರಿಕ್‌ಗಳ ಜೋಡಣೆಯ ಆಟದ ಕಡೆಗೆ ಮರಳಿದವರಲ್ಲಿ ನಾನೂ ಒಬ್ಬ. ಕಾರು, ವಿಮಾನ, ಬಾಹ್ಯಾಕಾಶ ನೌಕೆಗಳ ಸೆಟ್‌ಗಳು ನನ್ನನ್ನು ಅಷ್ಟಾಗಿ ಸೆಳೆಯುವುದಿಲ್ಲ. ಕೋಟೆ, ಮಾಂತ್ರಿಕ, ಡ್ರ್ಯಾಗನ್, ಅಸ್ಥಿಪಂಜರಗಳ ಸೈನ್ಯ, ಕಾಡಿನ ನಡುವಿನ ಅಡಗುದಾಣ ಇಂಥವು ಕಂಡರೆ ಮಾತ್ರ ಮನಸ್ಸು ಅಲ್ಲೇ ನಿಲ್ಲುತ್ತದೆ. ಸದ್ಯ ನನ್ನ ಬಳಿ 2022ರಲ್ಲಿ ಬಂದ, 4,514 ಭಾಗಗಳ ಲಯನ್ ನೈಟ್ಸ್ ಕ್ಯಾಸಲ್ ಇದೆ. ಅದರ ಗೋಡೆಗಳನ್ನು ಬಿಡಿಸಿ ಒಳಗಿನ ಅಡುಗೆಮನೆ, ಸೆರೆಮನೆ, ರಾಣಿಯ ಸಭೆಗಳನ್ನು ನೋಡುವಾಗಲೆಲ್ಲ ಈ ಕೋಟೆಯ ಸುತ್ತ ಒಂದು ಇಡೀ ರಾಜ್ಯವೇ ಇರಬೇಕೆನಿಸುತ್ತದೆ. ಅದಕ್ಕಾಗಿ 1993ರ ಡ್ರ್ಯಾಗನ್ ಮಾಸ್ಟರ್ಸ್ ಸರಣಿಯ ಕೆಲವು ಸೆಟ್‌ಗಳನ್ನೂ, ಸಾಧ್ಯವಾದರೆ 1997ರ ಫ್ರೈಟ್ ನೈಟ್ಸ್ ಸರಣಿಯ ಮಾಟಗಾತಿಯನ್ನೂ ತರಬೇಕೆಂದಿದ್ದೇನೆ.

ಇಲ್ಲಿ ನನಗೆ ಕೆಲವು ಗೊಂದಲಗಳಿವೆ. ಹಳೆಯ ಸೆಟ್‌ಗಳನ್ನು ಒಡೆಯದ ಪೆಟ್ಟಿಗೆಯಲ್ಲೇ ಕೊಳ್ಳಬೇಕೇ, ಅಥವಾ ಯಾರೋ ಕಟ್ಟಿ ಆಡಿ ಬಿಟ್ಟದ್ದನ್ನು ಕೊಂಡರೂ ಸಾಕೇ? ಮೂವತ್ತು ವರ್ಷ ಹಳೆಯ ಪ್ಲಾಸ್ಟಿಕ್ಕನ್ನು ಇಂದಿನ ಕೋಟೆಯ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಲೋಕದವೆಂದು ಅನಿಸುತ್ತದೆಯೇ? ಪ್ರಸಿದ್ಧ ಕಥೆಗಳ ಪರವಾನಗಿ ಪಡೆದು ಮಾಡಿದ ಸೆಟ್‌ಗಳನ್ನು ಇದರೊಳಗೆ ಸೇರಿಸಬಹುದೇ? ಜಾಗಕ್ಕೂ ಹಣಕ್ಕೂ ಮಿತಿಯಿರುವುದರಿಂದ, ಎಲ್ಲವನ್ನೂ ಕೊಂಡು ಆಮೇಲೆ ಯೋಚಿಸುವ ದಾರಿ ನನಗೆ ಒಗ್ಗುವುದಿಲ್ಲ.

ಉತ್ತರ: ಕೋಟೆಬಾಗಿಲು

ಮೊದಲು ನಿಮ್ಮ ರಾಜ್ಯದಲ್ಲಿ ಯಾರು ವಾಸಿಸುತ್ತಾರೆಂಬುದನ್ನು ತೀರ್ಮಾನಿಸಿಕೊಳ್ಳಿ. ಯಾವ ಸೆಟ್ ಕೊಳ್ಳಬೇಕೆಂಬುದು ಅದರಿಂದಲೇ ಹೊರಡುತ್ತದೆ. ಸರಣಿಯೊಂದನ್ನು ಪೂರ್ತಿ ಮಾಡಬೇಕೆಂದು ಹೊರಟವರು ಬಹಳ ಸಲ ತಮಗೆ ಇಷ್ಟವೇ ಇಲ್ಲದ ಸಣ್ಣ ಗಾಡಿಗಳನ್ನೂ ಕವಣೆಯಂತ್ರಗಳನ್ನೂ ಪಟ್ಟಿ ತುಂಬಿಸುವುದಕ್ಕಾಗಿ ಕೊಳ್ಳುತ್ತಾರೆ. ಒಂದು ಪಾಳಯವನ್ನೋ ಒಂದು ಜೀವಿಯನ್ನೋ ಹಿಡಿದು ಹೊರಟವರ ಸಂಗ್ರಹ ಚಿಕ್ಕದಿದ್ದರೂ ನೋಡುವವರಿಗೆ ಒಂದು ಕಥೆಯಾಗಿ ಕಾಣುತ್ತದೆ.

ಈ ಕೋಟೆಗಳ ವಂಶಾವಳಿ ತಿಳಿದಿದ್ದರೆ ಆಯ್ಕೆ ಸುಲಭವಾಗುತ್ತದೆ. 1978ರಲ್ಲಿ, ಮಿನಿಫಿಗರ್ ಎಂಬ ಪುಟ್ಟ ಲೆಗೋ ಗೊಂಬೆ ಹುಟ್ಟಿದ ವರ್ಷದಲ್ಲೇ, 375 ಸಂಖ್ಯೆಯ ಹಳದಿ ಕೋಟೆ ಬಂತು. ಅದರಲ್ಲಿ ಕುದುರೆಗಳನ್ನೂ ಬ್ರಿಕ್‌ಗಳಿಂದಲೇ ಕಟ್ಟಬೇಕಾಗಿತ್ತು. 1984ರ ಬೂದು ಕೋಟೆಗಳು, 1987ರ ಫಾರೆಸ್ಟ್‌ಮೆನ್ ಎಂಬ ಕಾಡಿನವರು, 1988ರ ಬ್ಲ್ಯಾಕ್ ನೈಟ್ಸ್ ಇವೆಲ್ಲ ಬಹುಮಟ್ಟಿಗೆ ಮನುಷ್ಯರ ಲೋಕವೇ ಆಗಿದ್ದವು. ಮಾಯೆ ಒಳಗೆ ಕಾಲಿಟ್ಟದ್ದು 1990ರಲ್ಲಿ, ಕಿಂಗ್ಸ್ ಮೌಂಟನ್ ಫೋರ್ಟ್ರೆಸ್ ಎಂಬ ಬೆಟ್ಟದ ಕೋಟೆಯಲ್ಲಿ ಬಂದ ದೆವ್ವದೊಂದಿಗೆ. ಬೆಳಕನ್ನು ಹೀರಿಕೊಂಡು ಕತ್ತಲಲ್ಲಿ ಹಸಿರಾಗಿ ಹೊಳೆಯುವ ಆ ದೆವ್ವದ ಹೊದಿಕೆಯನ್ನು ಕೈಯಲ್ಲಿ ಹಿಡಿದು ನೋಡಿದರೆ, ಒಂದೇ ಒಂದು ಭಾಗ ಇಡೀ ಕೋಟೆಯ ಭಾವವನ್ನು ಹೇಗೆ ಬದಲಿಸಬಲ್ಲದೆಂಬುದು ಅರ್ಥವಾಗುತ್ತದೆ. ಅದರ ಮೂರು ವರ್ಷಗಳ ನಂತರ ಡ್ರ್ಯಾಗನ್ ಮಾಸ್ಟರ್ಸ್ ಸರಣಿಯಲ್ಲಿ ಮಜಿಸ್ಟೊ ಎಂಬ ಮಾಂತ್ರಿಕನೂ ಹಸಿರು ಡ್ರ್ಯಾಗನ್ನೂ ಬಂದರು. 1997ರಲ್ಲಿ ವಿಲ್ಲಾ ಎಂಬ ಮಾಟಗಾತಿ ಮತ್ತು ಬಾವಲಿಗಳ ಒಡೆಯ ಬೇಸಿಲ್ ಬಂದರು. ಅಸ್ಥಿಪಂಜರಗಳ ಸೈನ್ಯ, ಕುಳ್ಳರು, ಟ್ರೋಲ್‌ಗಳು ಎಲ್ಲರೂ ನೆಲೆಸಿದ ನಿಜವಾದ ಮಾಯಾಲೋಕವೆಂದರೆ 2007ರಿಂದ 2009ರವರೆಗೆ ನಡೆದ ಸರಣಿ. ನನ್ನ ದೃಷ್ಟಿಯಲ್ಲಿ ಇಷ್ಟು ತುಂಬಿದ ಲೋಕ ಕೋಟೆಯ ಸರಣಿಗಳಲ್ಲಿ ಅದಕ್ಕೆ ಮೊದಲೂ ಇರಲಿಲ್ಲ, ಅದರ ನಂತರವೂ ಬರಲಿಲ್ಲ.

ನಿಮ್ಮ ಲಯನ್ ನೈಟ್ಸ್ ಕ್ಯಾಸಲ್ ಈ ಹಳೆಯ ಪಾಳಯಗಳನ್ನು ನೆನಪಿನಲ್ಲಿಟ್ಟುಕೊಂಡೇ ರೂಪಿಸಿದ ಸೆಟ್. ಸಿಂಹ ಲಾಂಛನದವರ ಜೊತೆಗೆ ಬ್ಲ್ಯಾಕ್ ಫಾಲ್ಕನ್ಸ್ ಯೋಧರೂ ಕಾಡಿನವರೂ ಮಾಂತ್ರಿಕನೂ ಅದರ 22 ಮಿನಿಫಿಗರ್‌ಗಳಲ್ಲಿ ಇದ್ದಾರೆ. ಆದ್ದರಿಂದ ಡ್ರ್ಯಾಗನ್ ಮಾಸ್ಟರ್ಸ್ ಪಾಳಯವನ್ನು ಅದರ ನೆರೆಯ ರಾಜ್ಯವೆಂದು ಕಲ್ಪಿಸಿಕೊಳ್ಳುವುದು ಸಹಜವಾಗಿಯೇ ಇದೆ. ನಾನಾಗಿದ್ದರೆ ಮೊದಲು ಮಜಿಸ್ಟೊನ ಕಾರ್ಯಾಗಾರವನ್ನು, ಅಂದರೆ 6048 ಸಂಖ್ಯೆಯ ಸೆಟ್ಟನ್ನು, ಹುಡುಕುತ್ತಿದ್ದೆ. ಅದು ಹೆಚ್ಚು ಜಾಗ ಬೇಡುವುದಿಲ್ಲ, ಮಾಂತ್ರಿಕನೂ ಡ್ರ್ಯಾಗನ್ನೂ ಅದರಲ್ಲೇ ಸಿಗುತ್ತಾರೆ.

ಒಡೆಯದ ಪೆಟ್ಟಿಗೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಕಟ್ಟುವ ಉದ್ದೇಶವಿದ್ದರೆ ಅದು ಬೇಡ. ಮೊಹರಿಗೆ ಕೊಡುವ ಹೆಚ್ಚಿನ ಹಣ ಪೆಟ್ಟಿಗೆಯನ್ನು ತೆರೆದ ಕ್ಷಣದಲ್ಲೇ ಕರಗಿಹೋಗುತ್ತದೆ, ಮತ್ತು ಆ ಹಣದ ಭಯದಿಂದ ನೀವು ಅದನ್ನು ತೆರೆಯದೆಯೇ ಇಟ್ಟುಬಿಡುವ ಸಂಭವವೂ ಇದೆ.

ಉತ್ತರ: ಹಳೆಬೂದು

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಹಳತು ಹೊಸತು ಹೊಂದುವ ಪ್ರಶ್ನೆಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕೋಟೆ ಸಂಗ್ರಹಿಸುವವರಿಗೆ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿಲ್ಲ.

ಜೋಡಣೆಯಲ್ಲಿ ಏನೂ ತೊಂದರೆಯಿಲ್ಲ. ಬ್ರಿಕ್ಕಿನ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದು 1958ರಲ್ಲಿ. ಅಂದಿನಿಂದ ಬ್ರಿಕ್ಕಿನ ಮೇಲಿನ ಗುಬುಟುಗಳ, ಅಂದರೆ ಸ್ಟಡ್‌ಗಳ, ನಡುವಣ 8 ಮಿಲಿಮೀಟರ್ ಅಂತರವಾಗಲಿ, ಬ್ರಿಕ್ಕಿನ 9.6 ಮಿಲಿಮೀಟರ್ ಎತ್ತರವಾಗಲಿ ಬದಲಾಗಿಲ್ಲ. ಹಾಗಾಗಿ 1993ರ ಗೋಪುರ ಇಂದಿನ ಗೋಡೆಯ ಮೇಲೆ ಬಿಗಿಯಾಗಿ ಕೂರುತ್ತದೆ. ಕಷ್ಟವಿರುವುದು ಬಣ್ಣದಲ್ಲಿ. 2004ರ ಹೊತ್ತಿಗೆ ಲೆಗೋ ಸಂಸ್ಥೆ ತನ್ನ ಹಳೆಯ ಎರಡು ಬೂದು ಬಣ್ಣಗಳನ್ನೂ ಕಂದು ಬಣ್ಣವನ್ನೂ ಕೈಬಿಟ್ಟು, ಅವುಗಳ ಜಾಗಕ್ಕೆ ತುಸು ನೀಲಿ ಛಾಯೆಯ ಬೂದುಗಳನ್ನೂ ಕೆಂಪು ಮಿಶ್ರಿತ ಕಂದನ್ನೂ ತಂದಿತು. ಹಳೆಯ ತಿಳಿಬೂದು ಬ್ರಿಕ್ಕನ್ನು ಕಿಟಕಿಯ ಬೆಳಕಿನಲ್ಲಿ ಹೊಸದರ ಪಕ್ಕ ಹಿಡಿದು ನೋಡಿ: ಹಳತರಲ್ಲಿ ಮಾಸಿದ ಕಲ್ಲಿನಂಥ ಹಳದಿ ಛಾಯೆ ಇರುತ್ತದೆ, ಹೊಸತು ತಣ್ಣಗೆ, ಲೋಹದ ಹತ್ತಿರಕ್ಕೆ ಕಾಣುತ್ತದೆ. ಒಂದೇ ಗೋಡೆಯಲ್ಲಿ ಇವೆರಡೂ ಬೆರೆತರೆ ತೇಪೆ ಹಾಕಿದಂತೆ ಕಾಣುತ್ತದೆ. ಆದರೆ ಎರಡು ಬೇರೆ ಕಟ್ಟಡಗಳಾಗಿ, ನಡುವೆ ಒಂದು ಗುಡ್ಡವನ್ನೋ ಮರಗಳ ಸಾಲನ್ನೋ ಹೊಳೆಯನ್ನೋ ಇಟ್ಟರೆ, ಬೇರೆ ಬೇರೆ ಕಲ್ಲುಗಣಿಗಳ ಕಲ್ಲಿನಲ್ಲಿ ಕಟ್ಟಿದ ಎರಡು ರಾಜ್ಯಗಳಾಗಿ ಅವು ಬಹಳ ಚೆನ್ನಾಗಿ ಒಪ್ಪುತ್ತವೆ. ನಿಮಗೆ ಬೇಕಾಗಿರುವುದೂ ನೆರೆಯ ರಾಜ್ಯವೇ ಆದ್ದರಿಂದ ಈ ಬಣ್ಣದ ಭೇದ ನಿಮಗೆ ಸಹಾಯವನ್ನೇ ಮಾಡೀತು.

ಬಳಸಿದ ಸೆಟ್ ಕೊಳ್ಳುವಾಗ ಹತ್ತಿರದಿಂದ ತೆಗೆದ ಚಿತ್ರಗಳನ್ನು ಕೇಳಿ ತರಿಸಿಕೊಳ್ಳಿ. ಮಿನಿಫಿಗರ್‌ನ ಮುಂಭಾಗ ನೋಡಿದರೆ ಸಾಲದು. ತೋಳನ್ನು ಮೇಲಕ್ಕೆತ್ತಿ, ಕಂಕುಳಿನ ಕೆಳಗೆ ಮುಂಡದ ಅಂಚಿನವರೆಗೆ ಕೂದಲಿನಷ್ಟು ತೆಳುವಾದ ಬಿರುಕು ಇಳಿದಿದೆಯೇ ನೋಡಬೇಕು. ಅಂಥ ಬಿರುಕು ಬಿದ್ದ ಮುಂಡದಲ್ಲಿ ತೋಳು ಸಡಿಲವಾಗಿ ಜೋತುಬೀಳುತ್ತದೆ, ಅದನ್ನು ಸರಿಪಡಿಸಲು ಆಗುವುದಿಲ್ಲ. ಡ್ರ್ಯಾಗನ್‌ಗಳಲ್ಲಿ ರೆಕ್ಕೆ ಮತ್ತು ಬಾಲ ಕಳೆದುಹೋಗಿರುವುದು ಹೆಚ್ಚು. ಡ್ರ್ಯಾಗನ್ ಮಾಸ್ಟರ್ಸ್ ಯೋಧರ ಶಿರಸ್ತ್ರಾಣದ ಮೇಲಿನ ಅಲಂಕಾರಗಳೂ ಹಾಗೆಯೇ. ಚಿಕ್ಕವೆಂದು ಕಡೆಗಣಿಸಿದರೆ ಆಮೇಲೆ ಬಿಡಿಯಾಗಿ ಹುಡುಕುವುದು ತ್ರಾಸದ ಕೆಲಸ. ಕ್ರೋಮ್ ಲೇಪನವಿರುವ ಕಿರೀಟ, ಕತ್ತಿಗಳನ್ನು ಉಜ್ಜಬೇಡಿ, ಲೇಪನ ಎದ್ದುಬರುತ್ತದೆ.

ವಿಚಿತ್ರವೆಂದರೆ, ತೊಂಬತ್ತರ ದಶಕದ ಭಾಗಗಳಿಗಿಂತ ಆಮೇಲಿನ ಕೆಲವು ಬಣ್ಣಗಳು ಹೆಚ್ಚು ದುರ್ಬಲವಾಗಿವೆ. 2010ರ ಆಸುಪಾಸಿನ ಕೆಂಪುಗಂದು ಮತ್ತು ಕಡುಗೆಂಪು ಬಣ್ಣದ ಭಾಗಗಳು ಬಿಚ್ಚುವಾಗ ಪಟಕ್ಕನೆ ಮುರಿಯುವುದು ಸಂಗ್ರಾಹಕರಿಗೆಲ್ಲ ತಿಳಿದ ವಿಷಯ. ಆ ಕಾಲದ ಸೆಟ್ ಕಟ್ಟಿದ ಸ್ಥಿತಿಯಲ್ಲಿ ಸಿಕ್ಕರೆ ಸುಮ್ಮನೆ ಬಿಚ್ಚಲು ಹೋಗಬೇಡಿ, ಮುಖ್ಯವಾಗಿ ಕ್ಲಿಪ್ ಇರುವ ಭಾಗಗಳನ್ನು ಮುಟ್ಟದಿರುವುದೇ ಮೇಲು.

ತೊಳೆಯುವುದಾದರೆ 40 ಡಿಗ್ರಿ ಸೆಲ್ಸಿಯಸ್ ಮೀರದ ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಕೈಕೆಲಸ, ಅಷ್ಟೇ. ಸ್ಟಿಕ್ಕರ್ ಅಂಟಿಸಿದ ಭಾಗಗಳನ್ನು ನೀರಿಗೆ ಹಾಕದೆ ಒದ್ದೆ ಬಟ್ಟೆಯಿಂದ ಒರೆಸಿ. ಹಳದಿಗಟ್ಟಿದ ಬಿಳಿ ಮತ್ತು ಬೂದು ಭಾಗಗಳನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ಬಣ್ಣ ತಿರುಗಿ ಬರುವುದು ನಿಜವಾದರೂ ಕಾಲಾಂತರದಲ್ಲಿ ಮತ್ತೆ ಹಳದಿಯಾಗುವುದುಂಟು. ನೇರ ಬಿಸಿಲು ಬೀಳದ ಕಪಾಟು ಸಿಕ್ಕರೆ ಈ ಗೋಜಿಗೇ ಹೋಗಬೇಕಾಗಿಲ್ಲ.

ಉತ್ತರ: ಬಿಡಿಭಾಗ

ನಾನು ಇಬ್ಬರಿಗಿಂತಲೂ ಸ್ವಲ್ಪ ಬೇರೆ ದಾರಿಯನ್ನು ಸೂಚಿಸುತ್ತೇನೆ. ನಿಮಗೆ ಬೇಕಾಗಿರುವುದು ಹಳೆಯ ಸೆಟ್ಟೋ, ಹಳೆಯ ಸೆಟ್ಟಿನ ಜನರೋ? ಜನರು ಮಾತ್ರ ಸಾಕೆಂದರೆ ಸೆಟ್ಟನ್ನು ಕೊಳ್ಳಬೇಕಾದ ಅಗತ್ಯವಿಲ್ಲ. 2000ದಲ್ಲಿ ಆರಂಭವಾಗಿ 2019ರಲ್ಲಿ ಲೆಗೋ ಸಂಸ್ಥೆಯ ವಶಕ್ಕೆ ಬಂದ ಬ್ರಿಕ್‌ಲಿಂಕ್ ಎಂಬ ಜಾಲತಾಣದಲ್ಲಿ ಒಂದೊಂದು ಮಿನಿಫಿಗರನ್ನೂ, ಶಿರಸ್ತ್ರಾಣದ ಒಂದು ರೆಕ್ಕೆಯನ್ನೂ ಬಿಡಿಯಾಗಿ ಮಾರುತ್ತಾರೆ. ಮಜಿಸ್ಟೊ, ವಿಲ್ಲಾ, ಹಸಿರು ಡ್ರ್ಯಾಗನ್, ನಾಲ್ಕಾರು ಯೋಧರು ಇಷ್ಟನ್ನು ತರಿಸಿಕೊಂಡು, ಅವರ ಕೋಟೆಯನ್ನು ಇಂದಿನ ಬೂದು ಬ್ರಿಕ್‌ಗಳಲ್ಲಿ ನೀವೇ ಕಟ್ಟಬಹುದು. ಆಗ ಬಣ್ಣದ ಸಮಸ್ಯೆ ಇರುವುದಿಲ್ಲ, ಗಾತ್ರವೂ ಹೊಂದುತ್ತದೆ. ತೊಂಬತ್ತರ ದಶಕದ ಕೋಟೆಗಳು ಆಟಕ್ಕೆಂದು ಮಾಡಿದವಾದ್ದರಿಂದ ಹಿಂಭಾಗ ತೆರೆದಿರುತ್ತಿತ್ತು, ಗೋಡೆಗಳಿಗೆ ದೊಡ್ಡ ಫಲಕಗಳನ್ನು ಬಳಸಿರುತ್ತಿದ್ದರು. 4,514 ಭಾಗಗಳ ಕೋಟೆಯ ಪಕ್ಕದಲ್ಲಿ ಅವು ತೀರ ತೆಳ್ಳಗೆ ಕಾಣುತ್ತವೆ. ಹಳೆಯದರ ಮೇಲೆ ನನಗೂ ಪ್ರೀತಿಯಿದೆ; ಆದರೆ ಪ್ರೀತಿಯಿಂದಲೇ ಹೇಳುತ್ತೇನೆ, ಪಕ್ಕಪಕ್ಕ ಇಟ್ಟಾಗ ಸೋಲುವುದು ಅವೇ.

ಸೂಚನಾ ಪುಸ್ತಕ ಇಲ್ಲವೆಂಬ ಚಿಂತೆಯೂ ಬೇಡ. 1996ರಿಂದ ಈಚಿನ ಬಹುತೇಕ ಸೆಟ್‌ಗಳ ಸೂಚನೆಗಳನ್ನು ಸಂಸ್ಥೆಯೇ ಉಚಿತವಾಗಿ ಕೊಡುತ್ತದೆ, ಅದಕ್ಕೂ ಹಿಂದಿನವನ್ನು ಅಭಿಮಾನಿಗಳು ಸ್ಕ್ಯಾನ್ ಮಾಡಿಟ್ಟಿದ್ದಾರೆ. ಬಿಡಿ ಮಿನಿಫಿಗರ್ ಕೊಳ್ಳುವಾಗ ನಕಲಿಗಳ ಬಗ್ಗೆ ಎಚ್ಚರವಿರಲಿ: ಕುತ್ತಿಗೆಯ ಮೇಲಿನ ಸ್ಟಡ್ಡಿನಲ್ಲಿ ಲೆಗೋ ಎಂಬ ಅಚ್ಚು ಇದೆಯೇ ಎಂದು ತಲೆ ತೆಗೆದು ತೋರಿಸುವಂತೆ ಕೇಳಿ.

ಪರವಾನಗಿ ಸೆಟ್‌ಗಳ ವಿಷಯದಲ್ಲಿ ಗಮನಿಸಬೇಕಾದದ್ದು ಮುಖಗಳ ಬಣ್ಣ. ಲೆಗೋದ ಸ್ವಂತ ಕೋಟೆಗಳ ಜನರಿಗೆ ಹಳದಿ ಮುಖ. ಪರವಾನಗಿ ಸೆಟ್‌ಗಳಲ್ಲಿ ಮನುಷ್ಯರ ನಿಜವಾದ ಚರ್ಮದ ಬಣ್ಣಗಳಿರುತ್ತವೆ. ಲಾರ್ಡ್ ಆಫ್ ದ ರಿಂಗ್ಸ್ ಕಥೆಯನ್ನು ಆಧರಿಸಿದ 2023ರ ರಿವೆಂಡೆಲ್ ಸೆಟ್ 6,167 ಭಾಗಗಳ ಅಪೂರ್ವ ನಿರ್ಮಾಣವೇ ಹೌದು, ಆದರೆ ಅದರ ನಿವಾಸಿಗಳು ನಿಮ್ಮ ಸಿಂಹಸೇನೆಯ ನಡುವೆ ಪರಕೀಯರಾಗಿ ನಿಲ್ಲುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಆಧರಿಸಿ 2024ರಲ್ಲಿ ಬಂದ 3,745 ಭಾಗಗಳ ಸೆಟ್ ಇದಕ್ಕೆ ಒಳ್ಳೆಯ ಅಪವಾದವಾಗಬಲ್ಲದು: ಅದರ ಕೆಂಪು ಡ್ರ್ಯಾಗನ್ ಬ್ರಿಕ್‌ಗಳಿಂದಲೇ ಕಟ್ಟಿದ್ದು, ಡ್ರ್ಯಾಗನ್‌ಗೆ ಮುಖದ ಬಣ್ಣದ ತೊಡಕಿಲ್ಲ. 2015ರಿಂದ 2018ರವರೆಗಿನ ಎಲ್ವ್ಸ್ ಸರಣಿಯ ಡ್ರ್ಯಾಗನ್‌ಗಳೂ ಬಹಳ ಸುಂದರವಾಗಿವೆ. ಅಲ್ಲಿನ ಮನುಷ್ಯರೂಪಗಳು ಮಿನಿಫಿಗರ್ ಅಲ್ಲ, ಎತ್ತರದ ಮಿನಿಡಾಲ್‌ಗಳು; ಅವನ್ನು ಬದಿಗಿಟ್ಟು ಡ್ರ್ಯಾಗನ್‌ಗಳನ್ನು ಮಾತ್ರ ಬಳಸಿಕೊಳ್ಳಿ.

ಪ್ರಶ್ನೆ ಕೇಳಿದವರ ಮರುಮಾತು: ಡ್ರ್ಯಾಗನ್‌ಪ್ರಿಯ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಎರಡು ರಾಜ್ಯಗಳ ನಡುವೆ ಹೊಳೆ ಹರಿಸುವ ಆಲೋಚನೆ ಬಹಳ ಹಿಡಿಸಿತು. ಮಜಿಸ್ಟೊನ ಕಾರ್ಯಾಗಾರವನ್ನು ಬಳಸಿದ ಸ್ಥಿತಿಯಲ್ಲಿ, ಹಳೆಯ ಬೂದಿನಲ್ಲೇ ತರುತ್ತೇನೆ. ಅದು ಚಿಕ್ಕದಾದ್ದರಿಂದ ಗುಡ್ಡದ ಮೇಲಿನ ಒಂಟಿ ಮನೆಯಾಗಿ ನಿಲ್ಲಬಹುದು. ದೊಡ್ಡ ಡ್ರ್ಯಾಗನ್ ಕೋಟೆಯನ್ನು ಮಾತ್ರ ಹೊಸ ಬ್ರಿಕ್‌ಗಳಲ್ಲಿ ಕಟ್ಟಲು ಯತ್ನಿಸುತ್ತೇನೆ. ಒಂದು ಸಂದೇಹ ಉಳಿದಿದೆ: ಆ ಕಾಲದ ಕೆಲವು ಕೋಟೆಗಳಿಗಿದ್ದ ಎತ್ತರಿಸಿದ ಬೇಸ್‌ಪ್ಲೇಟನ್ನು, ಅಂದರೆ ಗುಡ್ಡದ ಆಕಾರದ ತಳಹಲಗೆಯನ್ನು, ಗುಡ್ಡಕ್ಕೆ ಬಳಸಬಹುದೇ, ಅಥವಾ ಗುಡ್ಡವನ್ನೂ ಬ್ರಿಕ್‌ಗಳಿಂದಲೇ ಕಟ್ಟುವುದು ಮೇಲೇ?

ಉತ್ತರ: ಹಳೆಬೂದು

ಖಂಡಿತ ಬಳಸಬಹುದು. ಅದರೊಳಗೆ ಪೊಳ್ಳಿರುವುದರಿಂದ ಕಡಿಮೆ ಭಾಗಗಳಲ್ಲಿ ಎತ್ತರ ಸಿಗುತ್ತದೆ. ಆದರೆ ಅದು ತೆಳುವಾದ ಹಾಳೆಯಿಂದ ಅಚ್ಚೊತ್ತಿದ್ದು. ಮಡಿಕೆಗಳ ಮೂಲೆಯಲ್ಲಿ ಸೀಳಿರಬಹುದು, ಭಾರವಾದ ಗೋಪುರವನ್ನು ಒತ್ತಿ ಕೂರಿಸುವಾಗ ಕುಸಿಯಲೂಬಹುದು. ಕಾರ್ಯಾಗಾರದಂಥ ಹಗುರ ಕಟ್ಟಡಕ್ಕೆ ಅದು ಸಾಕು. ಒತ್ತುವಾಗ ಒಂದು ಕೈಯನ್ನು ಕೆಳಗಿನಿಂದ ಆಸರೆಯಾಗಿ ಹಿಡಿದುಕೊಳ್ಳಿ, ಮುಂಭಾಗದ ಅಂಚನ್ನು ಹಳೆಯ ಬೂದು ಇಳಿಜಾರು ಬ್ರಿಕ್‌ಗಳಿಂದ ಮುಚ್ಚಿರಿ. ನೀವು ಹೊಸದಾಗಿ ಕಟ್ಟುವ ಡ್ರ್ಯಾಗನ್ ಕೋಟೆಗೆ ಮಾತ್ರ ಬ್ರಿಕ್ಕಿನ ಗುಡ್ಡವೇ ಸರಿ. ಒಳಗಿನ ಕಾಣದ ಭಾಗಕ್ಕೆ ಯಾವ ಬಣ್ಣದ ಬ್ರಿಕ್ ಹಾಕಿದರೂ ನಡೆಯುತ್ತದೆ, ಹೊರಮೈಗೆ ಕಡುಬೂದು ಇರಲಿ.