ಲೆಕ್ಸಸ್ ಎಲ್‌ಎಸ್ 400: 1991ರದ್ದು ತಗೊಳ್ಳಲಾ, 1998ರದ್ದಾ?

ಹೆದ್ದಾರಿ:
ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿದ್ದೇನೆ. ಹಳೆಯ ಲೆಕ್ಸಸ್ ಎಲ್‌ಎಸ್ 400 ಒಂದನ್ನು ಇಟ್ಟುಕೊಳ್ಳಬೇಕು ಅಂತ ಬಹಳ ದಿನದ ಆಸೆ. ಈಗ ಎರಡು ಕಾರು ಕಣ್ಣಿಗೆ ಬಿದ್ದಿವೆ. ಒಂದು 1991ರದ್ದು, ಇನ್ನೊಂದು 1998ರದ್ದು. ಎರಡರಲ್ಲೂ 4.0 ಲೀಟರ್ ವಿ8. ಮೊದಲನೆಯದು 250 ಹಾರ್ಸ್‌ಪವರ್, ಎರಡನೆಯದು 290. ವ್ಯತ್ಯಾಸ ಇಷ್ಟೇನಾ? ನೋಡಲು ಹೋದಾಗ ಮೊದಲು ಎಲ್ಲಿ ಕಣ್ಣು ಹಾಯಿಸಬೇಕು? ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು, ಇಷ್ಟು ಕೆಲಸ ನನಗೆ ಬರುತ್ತದೆ.

ಹಳೇ ವಿ8:
ಎರಡೂ ಒಳ್ಳೆಯ ಕಾರುಗಳೇ. ಆದರೆ ದಯವಿಟ್ಟು ಇದನ್ನು ಹಾರ್ಸ್‌ಪವರ್‌ನಲ್ಲಿ ಅಳೆಯಬೇಡಿ. ನನ್ನ ಹತ್ತಿರ 1994ರದ್ದು ಇದೆ. ಅದನ್ನು ನಾನು ಇಟ್ಟುಕೊಂಡಿರುವುದು ವೇಗಕ್ಕಲ್ಲ, ಅದರ ಸದ್ದಿಲ್ಲದ ಓಟಕ್ಕೆ.

ಈ ಕಾರಿನ ಮುಖ್ಯ ಎಂಜಿನಿಯರ್ ಇಚಿರೋ ಸುಜುಕಿ. ಅವರು ಹಾಕಿಕೊಂಡ ಗುರಿಗಳು ಒಂದಕ್ಕೊಂದು ಎದುರು ನಿಲ್ಲುವಂಥವು. ಗಂಟೆಗೆ 250 ಕಿ.ಮೀ. ವೇಗ ಬೇಕು. ಹೆಚ್ಚು ಪೆಟ್ರೋಲ್ ಕುಡಿಯುವ ಕಾರುಗಳ ಮೇಲೆ ಅಮೆರಿಕ ಹಾಕುವ ಗ್ಯಾಸ್ ಗಜ್ಲರ್ ತೆರಿಗೆಯೂ ಬೀಳಬಾರದು, ಅಂದರೆ ಗ್ಯಾಲನ್‌ಗೆ 22.5 ಮೈಲಿಗಿಂತ ಕೆಳಗೆ ಇಳಿಯಬಾರದು. ಅದರ ಮೇಲೆ ಒಳಗೆ ಸದ್ದೂ ಇರಬಾರದು! ಸದ್ದು ತಡೆಯಲು ದಪ್ಪ ಪದರ ತುಂಬಿದರೆ ತೂಕ ಜಾಸ್ತಿ, ಮೈಲೇಜ್ ಕಡಿಮೆ. ಹಾಗಾಗಿ ಸದ್ದು ಹುಟ್ಟುವ ಜಾಗದಲ್ಲೇ ಅದನ್ನು ಅಡಗಿಸಲು ಹೊರಟರು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲವೂ ಆದಷ್ಟು ಒಂದೇ ಗೆರೆಯಲ್ಲಿ ಬರುವಂತೆ ಕೂರಿಸಿದರು. ಜಾಯಿಂಟ್‌ನಲ್ಲಿ ಕೋನ ಕಡಿಮೆಯಾದಷ್ಟೂ ನಡುಕ ಕಡಿಮೆ. ಎಂಜಿನ್ ಮೌಂಟ್‌ಗಳ ಒಳಗೆ ದ್ರವ ತುಂಬಿದರು. ನಡುಕ ಹೀರಿಕೊಳ್ಳಲಿ ಅಂತ ಎರಡು ಪದರದ ಸ್ಟೀಲ್ ಹಾಳೆ ಬಳಸಿದರು. ಗಾಳಿಯ ಸದ್ದಿಗಾಗಿ ಬಾಡಿಯನ್ನು ತೀಡಿ ತೀಡಿ ಡ್ರ್ಯಾಗ್ (ಗಾಳಿ ಒಡ್ಡುವ ತಡೆಯ ಅಳತೆ) 0.29ಕ್ಕೆ ಇಳಿಸಿದರು. 1989ರ ದೊಡ್ಡ ಸೆಡಾನ್‌ಗೆ ಇದು ಸಣ್ಣ ಸಂಗತಿ ಅಲ್ಲ. ಇದಕ್ಕಾಗಿ ಸುಮಾರು 450 ಪ್ರೊಟೊಟೈಪ್ ಕಟ್ಟಿದ್ದರು.

ಎಂಜಿನ್ ಹೆಸರು 1ಯುಝಡ್-ಎಫ್‌ಇ. ಅಲ್ಯುಮಿನಿಯಂ ಬ್ಲಾಕ್, 3,969 ಸಿಸಿ, ಬೋರ್ 87.5 ಮಿ.ಮೀ., ಸ್ಟ್ರೋಕ್ 82.5, ಒಟ್ಟು 32 ವಾಲ್ವ್. ಐಡಲ್‌ನಲ್ಲಿ ಬಾನೆಟ್ ಎತ್ತಿ ಎಂಜಿನ್ ಮೇಲೆ ಕೈಯಿಡಿ. ಆಗ ಗೊತ್ತಾಗುತ್ತದೆ ನಾನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂತ.

ಈಗ ವರ್ಷದ ವಿಷಯ. 1993ರ ಮಾಡೆಲ್‌ಗೆ ದೊಡ್ಡ ಬ್ರೇಕ್, 16 ಇಂಚಿನ ಚಕ್ರ, ಮುಂದಿನ ಪ್ರಯಾಣಿಕರಿಗೂ ಏರ್‌ಬ್ಯಾಗ್ ಬಂತು. 1995ರಲ್ಲಿ ಹೊಸ ತಲೆಮಾರು. ವೀಲ್‌ಬೇಸ್ 2,815ರಿಂದ 2,850 ಮಿ.ಮೀ.ಗೆ ಏರಿತು, ಹಿಂದೆ ಕೂರುವವರಿಗೆ ಕಾಲು ಚಾಚಲು ಜಾಗ ಸಿಕ್ಕಿತು. 1998ರಲ್ಲಿ ವಿವಿಟಿ-ಐ (ವಾಲ್ವ್ ತೆರೆಯುವ ಸಮಯವನ್ನು ಓಟಕ್ಕೆ ತಕ್ಕಂತೆ ಬದಲಿಸುವ ವ್ಯವಸ್ಥೆ) ಮತ್ತು ನಾಲ್ಕರ ಬದಲು ಐದು ಗೇರಿನ ಆಟೊಮ್ಯಾಟಿಕ್. ಆ 40 ಹಾರ್ಸ್‌ಪವರ್‌ಗಿಂತ ಈ ಐದನೇ ಗೇರೇ ದಿನದ ಓಡಾಟದಲ್ಲಿ ಹೆಚ್ಚು ಅನುಭವಕ್ಕೆ ಬರುತ್ತದೆ.

1991ರದ್ದನ್ನು ನೋಡುವಾಗ ಪವರ್ ಸ್ಟೀರಿಂಗ್ ಪಂಪಿನಿಂದ ಶುರು ಮಾಡಿ. ಅದು ಸೋರಿದರೆ ದ್ರವ ನೇರವಾಗಿ ಕೆಳಗಿರುವ ಆಲ್ಟರ್ನೇಟರ್ ಮೇಲೆ ಬೀಳುತ್ತದೆ. ಒಂದು ಸೋರಿಕೆ, ಎರಡು ಖರ್ಚು. ಪಂಪಿಗೆ ಅಂಟಿಕೊಂಡ ಏರ್ ಕಂಟ್ರೋಲ್ ವಾಲ್ವ್‌ನ ಸಣ್ಣ ಹೋಸ್ ಕಳಚಿ ನೋಡಿ. ಒಳಗೆ ಹಸಿಯಿದ್ದರೆ ಎಂಜಿನ್ ಆ ದ್ರವವನ್ನು ಎಳೆದುಕೊಂಡು ಸುಡುತ್ತಿದೆ ಅಂತ ಅರ್ಥ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಕಂಡು ಎಂಜಿನ್ನೇ ಹೋಯ್ತು ಅಂತ ಸುಮ್ನೆ ಹೆದರುವವರು ಬಹಳ ಜನ. ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಒಳಗಿನ ಕೆಪಾಸಿಟರ್‌ಗಳು ವಯಸ್ಸಾದಂತೆ ಸೋರುತ್ತವೆ. ಐಡಲ್ ಏರುಪೇರಾದರೆ, ಗೇರ್ ವಿಚಿತ್ರವಾಗಿ ಬಿದ್ದರೆ ಮೊದಲ ಅನುಮಾನ ಅಲ್ಲಿಗೇ ಹೋಗಲಿ. ಮೀಟರಿನ ಮುಳ್ಳುಗಳು ಪೂರ್ತಿ ಬೆಳಗುತ್ತಿವೆಯಾ, ಎಸಿಯ ಡಿಸ್‌ಪ್ಲೇ ಕಪ್ಪಾಗಿದೆಯಾ ನೋಡಿ. ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಎಸಿಗೆ ಆರ್12 ಗ್ಯಾಸೋ ಆರ್134ಎ ಗ್ಯಾಸೋ ಅಂತ ಓದಿ. ಅಮೆರಿಕದಲ್ಲಿ ಹೊಸ ಆರ್12 ತಯಾರಿಕೆ 1995ರ ಕೊನೆಗೇ ನಿಂತಿದೆ.

ಸ್ಟಾರ್ಟರ್ ಮೋಟಾರ್ ಎಲ್ಲಿದೆ ಗೊತ್ತಾ? ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ, ವಿ ಆಕಾರದ ನಡುವೆ. ಅದನ್ನು ಬದಲಿಸಲು ಮೇಲಿನದೆಲ್ಲ ಬಿಚ್ಚಬೇಕು. ಆದ್ದರಿಂದ ಎಂಜಿನ್ ತಣ್ಣಗಿದ್ದಾಗ ಒಮ್ಮೆ, ಓಡಿಸಿ ಬಂದು ಬಿಸಿಯಿದ್ದಾಗ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ.

ಕಿಟಕಿಪಕ್ಕ:
ಇನ್ಫಿನಿಟಿ ಕ್ಯೂ45 ಯಾರೂ ನೆನಪಿಸಿಕೊಳ್ಳುವುದೇ ಇಲ್ಲ! ಅದೂ 1989ರಲ್ಲೇ ಬಂದದ್ದು. 4.5 ಲೀಟರ್, 278 ಹಾರ್ಸ್‌ಪವರ್. ವಾಲ್ವ್‌ಗಳನ್ನು ಪಿಸ್ಟನ್‌ಗಳ ಲಯಕ್ಕೆ ಓಡಿಸುವ ರಬ್ಬರಿನ ಟೈಮಿಂಗ್ ಬೆಲ್ಟ್ ತಲೆನೋವು ಇಲ್ಲ, ಚೈನ್ ಇದೆ. ಓಡಿಸುವ ಖುಷಿ ಬೇಕಿದ್ದರೆ ಅದನ್ನೂ ನೋಡಿ.

ಹಳೇ ವಿ8:
ಕ್ಯೂ45 ಮೇಲೆ ನನಗೂ ಪ್ರೀತಿಯಿದೆ. ಆದರೆ ಮೊದಲ ವರ್ಷಗಳ ಎಂಜಿನ್‌ನಲ್ಲಿ ಆ ಚೈನ್‌ನ ಗೈಡ್‌ಗಳು ಪ್ಲಾಸ್ಟಿಕ್. ಅವು ಮುರಿದರೆ ಬೆಲ್ಟ್ ಬದಲಿಸುವುದಕ್ಕಿಂತ ದೊಡ್ಡ ಕೆಲಸ. ಬಿಡಿಭಾಗ ಹುಡುಕುವುದೂ ಎಲ್‌ಎಸ್‌ನಷ್ಟು ಸುಲಭವಲ್ಲ. ಮೊದಲ ಹಳೇ ಕಾರಿಗೆ ನಾನದನ್ನು ಹೇಳುವುದಿಲ್ಲ.

ಹೆದ್ದಾರಿ:
ತುಂಬಾ ಥ್ಯಾಂಕ್ಸ್. ಬೆಲ್ಟ್ ಮಾತು ಬಂತಲ್ಲ, 1998ರ ಕಾರಿನವರ ಹತ್ತಿರ 88,000 ಮೈಲಿಗೆ ಬೆಲ್ಟ್ ಬದಲಿಸಿದ ರಸೀದಿ ಇದೆ. ಈಗ 1,81,000 ಮೈಲಿ ಆಗಿದೆ. ಕಾರು ಚೆನ್ನಾಗೇ ಓಡುತ್ತಿದೆ ಅನ್ನುತ್ತಾರೆ.

ಹಳೇ ವಿ8:
ಬೆಲ್ಟ್ ತುಂಡಾಗುವ ಕ್ಷಣದವರೆಗೂ ಕಾರು ಚೆನ್ನಾಗೇ ಓಡುತ್ತದೆ, ಅದೇ ಭಯ. ನಿಮ್ಮ 1998ರ ವಿವಿಟಿ-ಐ ಎಂಜಿನ್‌ನಲ್ಲಿ ಬೆಲ್ಟ್ ಹೋದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. 1991ರದ್ದರಲ್ಲಿ ಹಾಗಾಗುವುದಿಲ್ಲ, ರಸ್ತೆ ಬದಿ ನಿಲ್ಲುತ್ತೀರಿ ಅಷ್ಟೇ. ಬೆಲ್ಟ್‌ಗೆ 90,000 ಮೈಲಿ ಅವಧಿ. ನಿಮ್ಮ ಲೆಕ್ಕದಲ್ಲಿ ಅದು ಆಗಲೇ ಮುಗಿದಿದೆ. ವರ್ಷಗಳ ಲೆಕ್ಕದಲ್ಲೂ ರಬ್ಬರ್ ಹಳೆಯದಾಗಿರುತ್ತದೆ.

ಆದರೂ ನನ್ನ ಆಯ್ಕೆ 1998ರದ್ದೇ. ರಸೀದಿ ಇಟ್ಟುಕೊಂಡವರ ಕಾರು ಸಿಗುವುದೇ ಅಪರೂಪ. ಬೆಲೆಯಲ್ಲಿ ಬೆಲ್ಟ್ ಕೆಲಸದ ಖರ್ಚು ಕಳೆಯಲು ಕೇಳಿ. ಬೆಲ್ಟ್ ಜೊತೆಗೇ ವಾಟರ್ ಪಂಪ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದಕ್ಕೆ ದಾರಿ ತೋರುವ ಐಡ್ಲರ್ ಪುಲ್ಲಿಗಳನ್ನೂ ಬದಲಿಸಿಬಿಡಿ. ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್, ಬಿಚ್ಚಿದ ಮೇಲೆ ಹಳೆಯದನ್ನೇ ಬಿಡುವುದರಲ್ಲಿ ಅರ್ಥವಿಲ್ಲ. ಆ ಕೆಲಸ ಮುಗಿಯುವವರೆಗೆ ಹೈವೇಗೆ ಇಳಿಸಬೇಡಿ. ಗ್ಯಾರೇಜಿಗೆ ಟೋ ಮಾಡಿಸಿಯೇ ಕೊಂಡೊಯ್ಯಿರಿ.