ಸಹಾಯ ಬೇಕು: ಅಪ್ಪ ತೆಗೆದುಕೊಳ್ಳದ ಸಾಲ ಅವರ ಹೆಸರಲ್ಲಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಹತ್ತಿರದ ಹಳ್ಳಿ, ಅಪ್ಪ ಕಬ್ಬು ಬೆಳೆಯುವವರು. ಬೆಳೆ ಸಾಲ ಕೇಳೋಕೆ ಹೋದಾಗ ಬ್ಯಾಂಕಿನವರು ಸಿಬಿಲ್ ವರದಿ (ಸಾಲದ ಇತಿಹಾಸ) ತೋರಿಸಿದರು. ಅಪ್ಪನ ಪ್ಯಾನ್ ಮೇಲೆ ಯಾವುದೋ ಆ್ಯಪ್‌ನ ಸಾಲ, ಕಂತು ಬೇರೆ ಬಾಕಿ! ಅವರ ಹತ್ತಿರ ಇರುವುದು ಬಟನ್ ಫೋನ್. ಅಂಥವರು ಆ್ಯಪ್‌ನಲ್ಲಿ ಸಾಲ ತೆಗೆಯೋದು ಹೇಗೆ, ಹೇಳಿ?

ನಮ್ಮ ಹೆಸರಲ್ಲಿರುವ ಸಿಮ್‌ಗಳನ್ನು ತೋರಿಸುವ ಸರ್ಕಾರಿ ತಾಣ ಸಂಚಾರ್ ಸಾಥಿಯಲ್ಲಿ ನೋಡಿದಾಗ ಅವರ ಹೆಸರಲ್ಲಿ ನಮಗೆ ಗೊತ್ತೇ ಇಲ್ಲದ ಸಿಮ್ ಒಂದು ಸಿಕ್ಕಿತು. 'ನನ್ನ ನಂಬರ್ ಅಲ್ಲ' ಅಂತ ಅಲ್ಲೇ ದೂರು ಹಾಕಿದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ ದೂರು ದಾಖಲಿಸಿದ್ದೇವೆ. ಬೇರೆಯವರು ಬಳಸದಂತೆ ಆಧಾರ್ ಬೆರಳಚ್ಚು ಲಾಕ್ ಮಾಡಿದ್ದೇವೆ.

ಈಗ ತೊಡಕು ಇರುವುದು ಸಾಲ ಕೊಟ್ಟ ಕಂಪನಿಯಲ್ಲಿ. ಎಫ್‌ಐಆರ್ ಪ್ರತಿ ಇಲ್ಲದೆ ಏನೂ ಮಾಡಲ್ಲ ಅಂತಾರೆ. ಮಂಡ್ಯದ ಸೆನ್ (ಸೈಬರ್ ಅಪರಾಧ) ಠಾಣೆಯಲ್ಲಿ ಇಂಥ ಕೇಸಿಗೆ ಎಫ್‌ಐಆರ್ ಮಾಡಿಸಿದವರು ಯಾರಾದರೂ ಇದ್ದೀರಾ? ಯಾವ ಯಾವ ದಾಖಲೆ ಒಯ್ಯಬೇಕು? ತಕರಾರು ಸಿಬಿಲ್‌ಗೆ ಮಾತ್ರ ಹಾಕಿದರೆ ಸಾಕಾ, ಅದರ ಹಾಗೆಯೇ ಸಾಲದ ಮಾಹಿತಿ ಇಡುವ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್‌ಗೂ ಬೇರೆ ಬೇರೆ ಹಾಕಬೇಕಾ? 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಅದು ನಿಜವಾಗಿ ಕೈಗೆ ಸಿಕ್ಕವರಿದ್ದರೆ ತಿಳಿಸಿ.

ನಮ್ಮ ಕಡೆ ಎಲ್ಲದಕ್ಕೂ ಆಧಾರ್ ಜೆರಾಕ್ಸ್ ಕೊಡುವುದು ರೂಢಿ. ದಯವಿಟ್ಟು ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಮನೆಯ ಹಿರಿಯರಿಗೂ ಹೇಳಿ.

ಬೆಳೆ ಸಾಲ ಇದಕ್ಕೇ ನಿಂತಿದೆ. ಗೊತ್ತಿರುವವರು ಬೇಗ ಉತ್ತರಿಸಿ.